ನಾವೇ ಬಿಟ್ಟ ಮೀನು

ಕವಿ ರನ್ನನ ಹೆಸರನ್ನು ಹೊತ್ತ ಊರು ನನ್ನದು. ಮುಧೋಳ ಸೀಮೆಯ ಬೆಳಗಲಿಯನ್ನು ಈಗ ಎಲ್ಲರೂ ರನ್ನ ಬೆಳಗಲಿ ಎಂದೇ ಕರೆಯುತ್ತಾರೆ. ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುವ ನನಗೆ ‘ಗದಾಯುದ್ಧ’ದ ಪಾಠ ಬಂದಿತೆಂದರೆ ಒಂದು ಬಗೆಯ ಸಡಗರ. ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಭೀಮನು ದಡದಲ್ಲಿ ನಿಂತು ಗರ್ಜಿಸಿ, ಮೂದಲಿಸಿ ಅವನನ್ನು ಹೊರಗೆ ಬರಮಾಡುತ್ತಾನೆ. ಈ ಸಂದರ್ಭವನ್ನು ನಾನು ಮೈಮರೆತು ವಿವರಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಸರ್ರ, ಅಷ್ಟೊತ್ತು ನೀರಾಗ ಕುಂತ್ರ ಮೀನಾ ಕಡೀಲಿಲ್ಲೇನ್ರಿ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಆ ದಿನ ಸಂಜೆ ಮನೆಗೆ ಹೋಗುವಾಗ ಕೆರೆಯ ಏರಿಯ ಮೇಲೆ ನನ್ನ ಕಾಲು ತಾನಾಗಿಯೇ ನಿಂತಿತು. ನೀರಿನಲ್ಲಿ ಅಡಗಿದ ಅರಸನನ್ನು ಕೂಗಿ ಕರೆದರೆ ಅವನು ಹೊರಗೆ ಬಂದಾನು, ಮೀನು ಬಂದೀತೆ? ಅದರಲ್ಲಿಯೂ ನಾವೇ ನಮ್ಮ ಕೈಯಾರೆ ನೀರಿಗೆ ಬಿಟ್ಟ ಮೀನು?

ಶ್ರೋತೃಗಳೆ, ಇಂದು ನಾನು ಹೇಳಹೊರಟಿರುವುದು ಇಂಥ ಮೀನಿನ ವಿಚಾರ. ಪಂಡಿತನಿಗೂ ಮೀನಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಇದೆ, ಮತ್ತು ಅದು ಹೆಮ್ಮೆಪಡುವಂಥ ನಂಟಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಉಪಾಧ್ಯಾಯನಾಗಿ ಸೇರಿದ ಹೊಸದರಲ್ಲಿ ನಮ್ಮ ನೆಂಟರ ತೋಟದ ಹೊಂಡದಲ್ಲಿ ಜಿಲೇಬಿ ಮೀನು ಕಿಕ್ಕಿರಿದು ತುಂಬಿತ್ತು. ಪಂಡಿತರು ತಿಲಾಪಿಯ ಎನ್ನುವ ಮೀನನ್ನೇ ನಮ್ಮ ಸಂತೆಗಳಲ್ಲಿ ಜಿಲೇಬಿ ಎನ್ನುವುದು. ಹಾಕದೆ ಬೆಳೆಯುತ್ತದೆ, ನೋಡದೆ ಹೆಚ್ಚುತ್ತದೆ ಎಂದು ನೆಂಟರು ಹೊಗಳಿದರು. ಬಡವರ ಕೆರೆಗೆ ಇಂಥ ಮೀನು ಬಿದ್ದರೆ ಬಡವರ ಹೊಟ್ಟೆ ತುಂಬೀತಲ್ಲವೆ ಎಂದು ನನಗೆ ತೋರಿತು. ಒಂದು ಕೊಡದಲ್ಲಿ ನೀರು ತುಂಬಿ, ಹತ್ತಿಪ್ಪತ್ತು ಮೀನು ಹಾಕಿಸಿಕೊಂಡು, ಸೈಕಲ್ಲಿಗೆ ಕಟ್ಟಿಕೊಂಡು ಬಂದು, ನಮ್ಮ ಭಾಗದ ಒಂದು ಕೆರೆಯಲ್ಲಿ ಬಿಟ್ಟೆ. ಪುಣ್ಯದ ಕೆಲಸ ಮಾಡಿದೆನೆಂಬ ತೃಪ್ತಿಯಿಂದ ಆ ರಾತ್ರಿ ಚೆನ್ನಾಗಿ ನಿದ್ರೆ ಬಂದಿತು.

ಐದಾರು ವರ್ಷಗಳ ತರುವಾಯ ಅದೇ ಕೆರೆಯ ದಡದಲ್ಲಿ, ಬಲೆ ಬೀಸಿಯೇ ಹೊಟ್ಟೆ ಹೊರೆದುಕೊಂಡು ಬಂದ ಅಂಬಿಗರ ಹಿರಿಯರೊಬ್ಬರು ಕುಳಿತು ಬಲೆಯನ್ನು ಬಿಡಿಸುತ್ತಿದ್ದರು. ಬಲೆಯ ಕಣ್ಣುಕಣ್ಣಿಗೂ ಅಂಗೈಗಿಂತ ಚಿಕ್ಕದಾದ ಜಿಲೇಬಿ ಸಿಕ್ಕಿಕೊಂಡಿತ್ತು. “ಏನ್ ಕಾಕಾ, ಬಾಳ ಮೀನಾ ಬಿದ್ದಾವಲ್ಲ?” ಎಂದೆ. ಅವರು ತಲೆಯೆತ್ತದೆಯೇ, “ಬಿದ್ದಾವ್ರಿ ಸರ್ರ, ತೂಕಕ್ಕ ಬರೂದಿಲ್ಲ. ಇದು ನಮ್ಮ ಕೆರಿ ಮೀನಲ್ಲ. ಯಾರೋ ತಂದು ಬಿಟ್ಟಾರ. ಬಿಟ್ಟವ್ರಿಗೆ ನಮ್ಮ ಹೊಟ್ಟಿ ಕಾಣಲಿಲ್ಲ” ಎಂದರು. ಬಿಟ್ಟವನು ಅವರ ಮುಂದೆಯೇ ನಿಂತಿದ್ದನು, ಬಾಯಿ ಬಿಡಲಿಲ್ಲ.

ಆ ಕೆರೆಯನ್ನು ಅವರ ಸಂಘದವರು ಗುತ್ತಿಗೆ ಹಿಡಿದಿದ್ದರು. ಗುತ್ತಿಗೆಯ ಹಣ ಕಟ್ಟಬೇಕು, ಮೀನುಮರಿ ಕೊಂಡು ಬಿಡಬೇಕು; ಅವು ಬೆಳೆದು ಕಿಲೋ ತೂಗಿದರೆ ಮಾತ್ರ ಕೈಗೆ ನಾಲ್ಕು ಕಾಸು ಉಳಿಯುವುದು. ಸಾವಿರಾರು ರೂಪಾಯಿಯ ಮರಿಗಳನ್ನು ಬಿಟ್ಟರೂ ಅವುಗಳ ಮೇವನ್ನು ಜಿಲೇಬಿ ತಿಂದುಬಿಡುತ್ತಿತ್ತು. ಅಂದಿನಿಂದ ನಾನು ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ, ಬಲ್ಲವರನ್ನು ಕೇಳತೊಡಗಿದೆ.

ಜಿಲೇಬಿ ಮೀನಿನ ತೌರು ಆಫ್ರಿಕ ಖಂಡದ ಪೂರ್ವ ಮತ್ತು ಆಗ್ನೇಯ ಭಾಗ. 1952ರಲ್ಲಿ ಇದನ್ನು ಬ್ಯಾಂಕಾಕಿನಿಂದ ನಮ್ಮ ದೇಶಕ್ಕೆ ತರಲಾಯಿತು. ಹಸಿದ ದೇಶಕ್ಕೆ ಅಗ್ಗದ ಆಹಾರ ದೊರೆಯಲೆಂಬ ಸದುದ್ದೇಶವೇ ಆಗಲೂ ಇದ್ದದ್ದು. ದಕ್ಷಿಣದ ಹಲವು ಜಲಾಶಯಗಳಿಗೆ ಇದನ್ನು ಬಿಟ್ಟರು. ಅಪಾಯ ಬೇಗನೆ ಕಂಡುಬಂದಿತು. 1959ರಲ್ಲಿಯೇ ಮೀನುಗಾರಿಕೆಯ ಸಂಶೋಧನಾ ಸಮಿತಿಯು ಇದನ್ನು ಹಬ್ಬಿಸಕೂಡದೆಂದು ತಡೆ ಹಾಕಿತು. ಆದರೆ ಏಳು ವರ್ಷಗಳಲ್ಲಿ ಮೀನು ಕೈಮೀರಿತ್ತು. ಇಂದು ಕೃಷ್ಣೆ ಕಾವೇರಿಗಳೆರಡರಲ್ಲಿಯೂ ಅದು ನೆಲೆಯೂರಿದೆ.

ಇದರ ಬಲವೆಲ್ಲ ಸಂತಾನದಲ್ಲಿದೆ. ಹುಟ್ಟಿದ ಎರಡು ಮೂರು ತಿಂಗಳಿಗೇ ಇದು ಮೊಟ್ಟೆಯಿಡಲು ತೊಡಗುತ್ತದೆ. ನಮ್ಮಂಥ ಬಿಸಿಲ ನಾಡಿನಲ್ಲಿ ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಗಂಡು ಕೆರೆಯ ತಳದಲ್ಲಿ ತಟ್ಟೆಯಂತೆ ಗುಳಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಆ ಮೊಟ್ಟೆಗಳನ್ನು ಬಾಯಲ್ಲಿ ತುಂಬಿಕೊಂಡು, ಮರಿಯಾಗುವವರೆಗೂ ಬಾಯಲ್ಲಿಯೇ ಕಾಪಾಡುತ್ತದೆ. ಮರಿಗಳು ಹೊರಬಂದ ಮೇಲೆಯೂ ಹೆದರಿಕೆಯಾದರೆ ತಾಯಿಯ ಬಾಯೊಳಕ್ಕೆ ಓಡುತ್ತವೆ. ತಾಯಿಯ ಮಮತೆಯೆಂದರೆ ಇದೇ ಅಲ್ಲವೆ! ಆದರೆ ಒಂದರ ಮಮತೆ ಉಳಿದವುಗಳಿಗೆ ಮೃತ್ಯುವಾಗುತ್ತದೆ. ಬೇರೆ ಮೀನುಗಳ ಮೊಟ್ಟೆ ಮರಿಗಳಲ್ಲಿ ಹೆಚ್ಚಿನ ಪಾಲು ಹಾಳಾಗುತ್ತದೆ, ಇದರದು ಉಳಿಯುತ್ತದೆ. ಕೆರೆ ತುಂಬಿದ ಮೇಲೆ ಮೇವು ಸಾಲದು. ಮೇವು ಸಾಲದಿದ್ದಾಗ ಇದು ಸಾಯುವುದಿಲ್ಲ, ಗುಜ್ಜಾಗುತ್ತದೆ. ಗುಜ್ಜಾಗಿಯೇ ಮತ್ತೆ ಮರಿ ಮಾಡುತ್ತದೆ. ಕಾಕಾ ಅವರ ಬಲೆಯಲ್ಲಿ ನಾನು ಕಂಡದ್ದು ಇದನ್ನೇ. ರಾಜಸ್ಥಾನದ ಜೈಸಮಂದ ಸರೋವರದಲ್ಲಿಯೂ ಈ ಮೀನು ಸೇರಿದ ಮೇಲೆ ಅಲ್ಲಿನ ಗೆಂಡೆ ಮೀನುಗಳ ಸರಾಸರಿ ತೂಕ ಇಳಿದುಹೋಯಿತು.

ಹಾಗಾದರೆ ಹೊರಗಿನಿಂದ ಬಂದ ಮೀನೆಲ್ಲ ಕೆಟ್ಟದ್ದೆ? ಹಾಗೆನ್ನುವಂತಿಲ್ಲ. ನೀವು ಪೇಟೆಯಲ್ಲಿ ಕೊಳ್ಳುವ ಕಾಟ್ಲ, ರೋಹು, ಮೃಗಾಲ್ ಕೂಡ ಕೃಷ್ಣೆಯ ಮಕ್ಕಳಲ್ಲ. ಅವುಗಳ ಮೂಲ ಗಂಗೆಯ ಬಯಲು. ಆದರೂ ಅವು ನಮ್ಮ ಕೆರೆಗಳಲ್ಲಿ ಬಹುಮಟ್ಟಿಗೆ ಮರ್ಯಾದೆಯಿಂದ ಬಾಳುತ್ತಿವೆ. ಕಾಟ್ಲ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಅವು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಮುಂಗಾರಿನ ಹೊಸ ನೀರು ಹೊಳೆಯಲ್ಲಿ ಹರಿದಾಗಲೇ ಅವಕ್ಕೆ ಮೊಟ್ಟೆಯಿಡುವ ಮನಸ್ಸು ಬರುವುದು. ಈ ಕಾರಣದಿಂದಲೇ 1957ರಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಈ ಗೆಂಡೆಗಳಿಗೆ ಮರಿ ಮಾಡಿಸಿದ್ದು ದೇಶದಲ್ಲಿ ದೊಡ್ಡ ಸುದ್ದಿಯಾಯಿತು. ಎಂದಮೇಲೆ ಕೆರೆಯಲ್ಲಿ ಇವುಗಳ ಸಂಖ್ಯೆ ಮನುಷ್ಯನ ಕೈಯಲ್ಲಿದೆ: ಈ ವರ್ಷ ಬಿಟ್ಟಷ್ಟು ಇರುತ್ತವೆ, ಹಿಡಿದಷ್ಟು ಕಡಮೆಯಾಗುತ್ತವೆ. ಜಿಲೇಬಿಯ ಲೆಕ್ಕ ಜಿಲೇಬಿಯ ಬಾಯಲ್ಲಿಯೇ ಇದೆ. ಅತಿಥಿ ಯಾರು, ಆಕ್ರಮಣಕಾರ ಯಾರು ಎಂದು ಕೆರೆಯ ಮಟ್ಟಿಗೆ ಅಳೆಯಲು ಇದೊಂದು ಒಳ್ಳೆಯ ಅಳತೆಗೋಲು.

ಈ ಹೊಸಬರು ಬರುವ ಮೊದಲು ನಮ್ಮ ನೀರಿನಲ್ಲಿ ಏನೂ ಇರಲಿಲ್ಲವೆಂದು ತಿಳಿಯಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಕಡಲಿನವು, ಸಿಹಿನೀರಿನವು ಎಂದು ವಿಂಗಡಿಸಿ ಸುಮಾರು 35 ಬಗೆಯ ಮೀನುಗಳನ್ನು ಅದರಲ್ಲಿ ಹೆಸರಿಸಿದೆ; ಯಾವ ಮೀನಿಗೆ ಯಾವ ಮೇವು ಎಂಬುದನ್ನೂ ಹೇಳಿದೆ. ರನ್ನನಿಗೆ ಆಶ್ರಯವಿತ್ತ ಮನೆತನದ ದೊರೆಯೊಬ್ಬನು ಮೀನಿನ ಹೆಸರುಗಳನ್ನು ಇಷ್ಟು ಆಸ್ಥೆಯಿಂದ ಬರೆದಿಟ್ಟಿದ್ದಾನೆ. ನನ್ನ ತರಗತಿಯ ಮಕ್ಕಳನ್ನು ಕೇಳಿದರೆ ಕೊರವ, ಬಾಳೆಮೀನು, ಚೇಳುಮೀನು ಎಂಬ ಮೂರು ಹೆಸರು ಹೊರಡುವುದೇ ಕಷ್ಟ. ಜಿಲೇಬಿ ಮಾತ್ರ ಎಲ್ಲರಿಗೂ ಗೊತ್ತು. ಮೀನಿನ ಹಿಂದೆಯೇ ಅದರ ಹೆಸರೂ ಕೆರೆಯಿಂದ ಹೋಗುತ್ತದೆ.

ಜಿಲೇಬಿಗಿಂತಲೂ ಕ್ರೂರವಾದ ಇನ್ನೊಂದು ಮೀನು ಆಫ್ರಿಕದ ಕ್ಯಾಟ್‌ಫಿಶ್. ನಮ್ಮ ನಾಡಿನ ಮಾಗೂರು ಮೀನನ್ನೇ ಹೋಲುವ ಮೀಸೆಯುಳ್ಳ ಮೀನಿದು. ಆದರೆ ಒಂದು ಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಸರಕಾರದ ಅನುಮತಿಯಿಲ್ಲದೆ, ಬಾಂಗ್ಲಾದೇಶದ ಕಡೆಯಿಂದ 1990ರ ದಶಕದ ಮೊದಲಲ್ಲಿ ನುಸುಳಿ ಬಂದಿತು. ಗಾಳಿಯನ್ನೇ ಉಸಿರಾಡಬಲ್ಲದಾದ್ದರಿಂದ ಕೊಳೆತ ನೀರಿನಲ್ಲಿಯೂ ಬದುಕುತ್ತದೆ. ಮಳೆಯ ರಾತ್ರಿ ತೇವದ ನೆಲದ ಮೇಲೆ ತೆವಳಿ ಒಂದು ಹೊಂಡದಿಂದ ಇನ್ನೊಂದಕ್ಕೆ ದಾಟುತ್ತದೆ. ಮೀನು, ಕಪ್ಪೆ, ಹುಳು, ಸತ್ತದ್ದು, ಕೊಳೆತದ್ದು ಇದಕ್ಕೆ ಎಲ್ಲವೂ ಆಹಾರ. ಕೋಳಿಯಂಗಡಿಯ ತ್ಯಾಜ್ಯವನ್ನು ಸುರಿದು ಗುಟ್ಟಾಗಿ ಇದನ್ನು ಸಾಕುವವರುಂಟು. ಕೇಂದ್ರ ಸರಕಾರವು 2000ದಲ್ಲಿ ಇದರ ಸಾಕಣೆಯನ್ನು ನಿಷೇಧಿಸಿತು; 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ಇದನ್ನು ನಾಶಪಡಿಸಬೇಕೆಂದು ಆದೇಶಿಸಿತು. ಆದರೂ ಕೊಳ್ಳುವವರಿರುವ ತನಕ ಸಾಕುವವರಿರುತ್ತಾರೆ. ಪೇಟೆಯಲ್ಲಿ ನೀರಿಲ್ಲದ ಬುಟ್ಟಿಯಲ್ಲಿ ಗಂಟೆಗಟ್ಟಲೆ ಹೊರಳಾಡುವ ದೊಡ್ಡ ಮೀಸೆಯ ಮೀನನ್ನು ಕಂಡರೆ, ಅಗ್ಗವೆಂದು ಕೊಳ್ಳುವ ಮೊದಲು ಇದೆಲ್ಲಿಂದ ಬಂದಿತೆಂದು ಒಂದು ಮಾತು ಕೇಳಿರಿ.

ಇನ್ನು, ಪರದೇಶದ ಮೀನೊಂದೇ ಪೀಡೆಯೆಂಬ ಭ್ರಮೆಯೂ ಬೇಡ. ಕಾವೇರಿಯಲ್ಲಿ ಡುಬ್ಬದ ಮಹಶೀರ್ ಎಂಬ ಭಾರಿ ಮೀನುಂಟು. 50 ಕಿಲೋಗ್ರಾಮಿಗೂ ಹೆಚ್ಚು ತೂಗಿದ ಮೀನುಗಳನ್ನು ಹಿಂದೆ ಹಿಡಿದದ್ದುಂಟು. ಆ ನದಿಯ ಕುಟುಂಬವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಅದಿಲ್ಲ. ಮಹಶೀರ್ ಕಡಮೆಯಾಯಿತೆಂದು ಮರುಗಿದ ಜನರು 1970ರ ದಶಕದಿಂದೀಚೆಗೆ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಈ ನೀಲಿರೆಕ್ಕೆ ಯಾರೆನ್ನುವಿರಿ? ನಮ್ಮ ಕೃಷ್ಣೆಯ ಕಡೆಯದು! 1839ರಲ್ಲಿ ಸೈಕ್ಸ್ ಎಂಬವನು ಪುಣೆಯ ಬಳಿಯ ಮುಳಾ-ಮುಠಾ ನದಿಯ ಮೀನನ್ನು ನೋಡಿ ಇದಕ್ಕೆ ಹೆಸರಿಟ್ಟನು. ಆ ನೀರು ಭೀಮೆಯನ್ನು ಸೇರಿ ಕೃಷ್ಣೆಗೇ ಬರುತ್ತದೆ. ಕಾವೇರಿಯ ಗಾಲಿಬೋರೆಯಲ್ಲಿ ಗಾಳ ಹಾಕುತ್ತಿದ್ದವರು 1998ರಿಂದ 2012ರ ವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ನೀಲಿರೆಕ್ಕೆ ಹೆಚ್ಚುತ್ತ ಹೋದದ್ದೂ ಡುಬ್ಬದ ಮೀನು ಬಲುಮಟ್ಟಿಗೆ ಕಾಣೆಯಾದದ್ದೂ ತಿಳಿದುಬಂದಿತು. 2018ರಲ್ಲಿ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿದೆಯೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾಯಿತು. ಅದರ ಕಷ್ಟಕ್ಕೆ ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದಿನ ಬೇಟೆ ಇವೂ ಕಾರಣವೇ. ಆದರೂ ಕಾಪಾಡಲು ಹೊರಟ ಕೈಯೇ ಇನ್ನೊಂದು ಭಾರವನ್ನು ಹೊರಿಸಿತೆಂಬುದು ಮರೆಯತಕ್ಕ ಮಾತಲ್ಲ. ನಮ್ಮ ಹೊಳೆಯ ಸಾಧು ಪ್ರಾಣಿ ನೆರೆಯ ಹೊಳೆಯಲ್ಲಿ ದಾಯಾದಿಯಾಯಿತು.

ರೇಡಿಯೋದ ಮುಂದೆ ಕುಳಿತಿರುವ ಪಟ್ಟಣದ ಗೃಹಸ್ಥರು, ಇದೆಲ್ಲ ಹಳ್ಳಿಯ ಕೆರೆಯ ಮಾತು, ನಮಗೇನು ಎಂದುಕೊಳ್ಳಬಹುದು. ನಿಮ್ಮ ಪಡಸಾಲೆಯ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿಯಿದೆಯೆ? ಅದರಲ್ಲಿ ಬಣ್ಣದ ಮೀನು ಆಡುತ್ತಿದೆಯೆ? ಮೀನು ಬೆಳೆದು ತೊಟ್ಟಿ ಸಾಲದೆ ಹೋದಾಗ, ಇಲ್ಲವೆ ವರ್ಗವಾಗಿ ಊರು ಬಿಡುವಾಗ, ಕೊಲ್ಲಲು ಮನಸ್ಸು ಬಾರದೆ ಮಕ್ಕಳ ಕೈಯಲ್ಲಿ ಕೊಟ್ಟು “ಕೆರೆಗೆ ಬಿಟ್ಟು ಬಾ” ಎನ್ನುವ ತಾಯಂದಿರಿದ್ದಾರೆ. ದಯೆಯೇ ಅದರ ಹಿಂದೆ ಇರುವುದು. ನನ್ನ ಕೊಡದ ಹಿಂದೆಯೂ ಅದೇ ಇತ್ತು. 2018ರ ಮಹಾಪೂರದಲ್ಲಿ ಕೇರಳದ ಸಾಕುಹೊಂಡಗಳು ಒಡೆದು, ಅಮೆಜಾನ್ ನದಿಯ ಅರಾಪೈಮದಂಥ ದೈತ್ಯ ಮೀನುಗಳು ಅಲ್ಲಿನ ಹೊಳೆಗಳಲ್ಲಿ ಬೆಸ್ತರ ಬಲೆಗೆ ಬಿದ್ದವು. ಅವು ಮೊದಲು ಬಂದದ್ದು ಜನರ ಖುಷಿಗಾಗಿಯೇ. ಬೇಡವಾದ ಮೀನನ್ನು ಕೊಂಡ ಅಂಗಡಿಗೇ ಹಿಂತಿರುಗಿಸಬಹುದು, ಸಾಕುವ ಇನ್ನೊಬ್ಬರಿಗೆ ಕೊಡಬಹುದು. ಕೆರೆ, ಬಾವಿ, ದೇವರ ಪುಷ್ಕರಣಿ ಇವುಗಳಿಗೆ ಮಾತ್ರ ಬಿಡಕೂಡದು.

ಸೊಳ್ಳೆಯ ಕಾಟಕ್ಕೆಂದು ಬಿಡುವ ಮೀನಿನ ವಿಚಾರದಲ್ಲಿಯೂ ಎಚ್ಚರ ಬೇಕು. ಅಮೆರಿಕ ಮೂಲದ ಗ್ಯಾಂಬೂಸಿಯ ಮೀನು 1928ರಲ್ಲಿ ನಮ್ಮ ದೇಶಕ್ಕೆ ಬಂದಿತು. ಸೊಳ್ಳೆಯ ಮರಿಯನ್ನು ತಿನ್ನುವುದು ನಿಜ. ಅದರೊಡನೆ ಕಪ್ಪೆಯ ಮರಿಯನ್ನೂ ಪರಮೀನುಗಳ ಮೊಟ್ಟೆಯನ್ನೂ ತಿನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 1982ರಿಂದೀಚೆಗೆ ಇದನ್ನು ಹೊಸ ನೀರುಗಳಿಗೆ ಬಿಡುವಂತೆ ಸಲಹೆ ಕೊಡುವುದನ್ನು ನಿಲ್ಲಿಸಿತು. ಮುಚ್ಚಿದ ತೊಟ್ಟಿಯೊಳಗೆ ಆರೋಗ್ಯ ಇಲಾಖೆಯವರು ಲೆಕ್ಕವಿಟ್ಟು ಬಿಡುವುದು ಬೇರೆ, ನಾವು ಬೊಗಸೆಯಲ್ಲಿ ಒಯ್ದು ಹಳ್ಳಕ್ಕೆ ಚೆಲ್ಲುವುದು ಬೇರೆ. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊತ್ತು ನೀರಿನ ಮೇಲ್ಮೈಯಲ್ಲಿಯೇ ತೇಲುವ ಚಿಕ್ಕ ಮೀನೊಂದು ನಮ್ಮ ಹಳ್ಳಗಳಲ್ಲಿಯೇ ಉಂಟು. ಸೊಳ್ಳೆಯ ಮರಿಗೆ ಅದೂ ಕಾಲನೇ.

ಈಗ ಉಪಾಯದ ಮಾತು. ಬಂದ ಮೇಲೆ ಓಡಿಸುವುದು ಕಷ್ಟ, ಬಾರದಂತೆ ತಡೆಯುವುದು ಸುಲಭ. ನೀರು ಒಳಬರುವ ಬಾಯಿಗೂ ಹೊರಹೋಗುವ ಕೋಡಿಗೂ ಸಣ್ಣ ಕಣ್ಣಿನ ಜಾಲರಿ ಹಾಕುವುದು ಮೊದಲನೆಯ ಕೆಲಸ. 2014ರ ಕೃಷಿಭಾಗ್ಯ ಯೋಜನೆಯ ತರುವಾಯ ನಮ್ಮ ಹೊಲಗಳಲ್ಲಿ ಎಷ್ಟೋ ಹೊಂಡಗಳಾಗಿವೆ. ಅವುಗಳಲ್ಲಿ ಮೀನು ಸಾಕುವವರು ಸಿಕ್ಕಸಿಕ್ಕಲ್ಲಿ ಮರಿ ತರದೆ ಮೀನುಗಾರಿಕೆ ಇಲಾಖೆಯಿಂದ ತಂದರೆ ಕಳೆಮೀನು ಬೆರೆತು ಬರುವ ಭಯ ಕಡಮೆ. ಹೊಂಡ ತುಂಬಿದರೆ ಹಳ್ಳಕ್ಕೆ, ಹಳ್ಳದಿಂದ ಘಟಪ್ರಭೆಗೆ, ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಗೆ. ಒಬ್ಬರ ಹೊಲದ ಮೀನು ನಾಲ್ಕು ತಾಲೂಕುಗಳ ಮೀನಾಗಲು ಒಂದು ಮಳೆಗಾಲ ಸಾಕು.

ಸೇರಿಯೇ ಬಿಟ್ಟಿದ್ದರೆ ಬೇಸಿಗೆಯೇ ನಮ್ಮ ಮಿತ್ರ. ಸಣ್ಣ ಕೆರೆಯನ್ನೂ ಹೊಂಡವನ್ನೂ ಪೂರಾ ಬತ್ತಿಸಿ, ತಳದ ಕೆಸರು ಬಿರುಕು ಬಿಡುವವರೆಗೆ ಒಣಗಿಸಬೇಕು. ಬತ್ತಿಸಲಾಗದ ಸಾಕುಹೊಂಡಕ್ಕೆ ಹಿಪ್ಪೆಯ ಹಿಂಡಿಯುಂಟು. ಒಂದು ಮೀಟರು ಆಳದ ಒಂದು ಹೆಕ್ಟೇರು ನೀರಿಗೆ ಸುಮಾರು 2500 ಕಿಲೋಗ್ರಾಂ ಹಿಂಡಿ ಹಾಕಿದರೆ ಅದರ ನೊರೆಯ ಅಂಶವು ಮೀನಿನ ರಕ್ತಕಣಗಳನ್ನು ಒಡೆದು ಕೆಲವೇ ಗಂಟೆಗಳಲ್ಲಿ ಮೀನು ಸಾಯುತ್ತದೆ. ಎರಡು ಮೂರು ವಾರಗಳಲ್ಲಿ ವಿಷ ಇಳಿದು ಅದೇ ಗೊಬ್ಬರವಾಗುತ್ತದೆ. ಆಮೇಲೆ ಹೊಸ ಮರಿ ಬಿಡಬಹುದು. ಇದನ್ನು ಇಲಾಖೆಯವರನ್ನು ಕೇಳಿಯೇ ಮಾಡತಕ್ಕದ್ದು. ಊರು ಕುಡಿಯುವ ನೀರಿನ ಕೆರೆಗೆ, ಹರಿಯುವ ಹಳ್ಳಕ್ಕೆ ಎಂದಿಗೂ ಹಾಕತಕ್ಕದ್ದಲ್ಲ. ಹಿಂಡಿಗೆ ನಮ್ಮ ಮೀನು, ಪರಮೀನು ಎಂಬ ಭೇದ ತಿಳಿಯದು. ದೊಡ್ಡ ಕೆರೆಯಲ್ಲಿ ಬಲೆಯೊಂದೇ ದಾರಿ: ಸಣ್ಣ ಕಣ್ಣಿನ ಬಲೆಯಿಂದ ಮತ್ತೆ ಮತ್ತೆ ಎಳೆದು ಜಿಲೇಬಿಯನ್ನು ಹಿಡಿಯುವುದು, ಹಿಡಿದದ್ದನ್ನು ಮತ್ತೆ ನೀರಿಗೆ ಬಿಡದಿರುವುದು. ಬೆರಳಿಗಿಂತ ಚಿಕ್ಕ ಗೆಂಡೆಮರಿಯ ಬದಲು ಗೇಣುದ್ದದ ಮರಿಯನ್ನು ಬಿಟ್ಟರೆ ಅದು ಪೈಪೋಟಿಯಲ್ಲಿ ಉಳಿಯುತ್ತದೆ. ಗೆಂಡೆ ದೊಡ್ಡದಾದ ಮೇಲೆ ನಮ್ಮ ಕೊರವ ಮೀನನ್ನು ಸ್ವಲ್ಪ ಬಿಟ್ಟರೆ ಜಿಲೇಬಿಯ ಮರಿಗಳನ್ನು ಅದು ತಿಂದು ಹದಕ್ಕೆ ತರುತ್ತದೆ. ಮೊದಲೇ ಬಿಟ್ಟರೆ ಗೆಂಡೆಯ ಮರಿಗೇ ಬಾಯಿ ಹಾಕೀತು. ಪೂರಾ ಗೆಲ್ಲುವೆವೆಂಬ ಭರವಸೆಯನ್ನು ಯಾರೂ ಕೊಡಲಾರರು. ಹತೋಟಿಯಲ್ಲಿಡಬಹುದು, ಪ್ರತಿವರ್ಷ ದುಡಿದರೆ.

ನಾನು ಹೇಳಿದ ಆ ಕೆರೆ 2016ರ ಬೇಸಿಗೆಯಲ್ಲಿ ಬತ್ತಿತು. ಸಂಘದವರು ಉಳಿದ ಗುಂಡಿಗಳಲ್ಲಿದ್ದ ಜಿಲೇಬಿಯನ್ನೆಲ್ಲ ಬಾಚಿದರು; ನಾನೂ ಶಾಲೆಯ ದೊಡ್ಡ ಹುಡುಗರನ್ನು ಕರೆದುಕೊಂಡು ಹೋಗಿ ಬುಟ್ಟಿ ಹೊತ್ತೆ. ಅಂದು ಮಧ್ಯಾಹ್ನ ಏರಿಯ ಬೇವಿನ ನೆರಳಿನಲ್ಲಿ ಕುಳಿತು, ಅಷ್ಟು ವರ್ಷ ಗಂಟಲಿನಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಕಾಕಾ ಅವರಿಗೆ ಹೇಳಿಬಿಟ್ಟೆ. ಅವರು ಕೆಲಹೊತ್ತು ಸುಮ್ಮನಿದ್ದರು. ಬಳಿಕ, “ನೀವೊಬ್ರ ಅಲ್ಲ ಬಿಡ್ರಿ ಸರ್ರ, ಕಾಲಿವಿ ನೀರಿನ್ಯಾಗೂ ಬಂದಾವ. ಆದ್ರ ಇದನ್ನ ನನಗ ಹೇಳಿದ್ರ ಏನ್ ಬಂತು? ಬಿಡೂ ಮಂದೀಗೆ ಹೇಳ್ರಿ” ಎಂದರು.

ಮರುವರ್ಷ ಮಳೆ ಬಂದು ಕೆರೆ ತುಂಬಿತು. ನೀರು ಬರುವ ಬಾಯಿಗೆ ಜಾಲರಿ ಹಾಕಿಸಿ ದೊಡ್ಡ ಮರಿ ಬಿಟ್ಟರು. ಜಿಲೇಬಿ ಪೂರ್ತಿ ಹೋಗಿಲ್ಲ. ಬಲೆಗೆ ಈಗಲೂ ಬೀಳುತ್ತದೆ. ಆದರೆ ಅದರ ನಡುವೆ ಕಿಲೋ ತೂಗುವ ಕಾಟ್ಲವೂ ಬೀಳುತ್ತದೆ. ಒಂದೊಂದು ದಿನ ಕೊರವವೂ ಬೀಳುವುದುಂಟು. ಕಾಕಾ ಅವರು ಈಗಿಲ್ಲ. ಬಿಡುವ ಮಂದಿಗೆ ಹೇಳಿರೆಂದು ಅವರು ಒಪ್ಪಿಸಿದ ಕೆಲಸವನ್ನು ಆಕಾಶವಾಣಿಯ ಮೂಲಕ ಇಂದು ಮಾಡಿದ್ದೇನೆ.